ಜಾಲಿ ಹೂ ತಡವಾದ ವರ್ಷ

ನಾಗಕ್ಕನಿಗೆ ಉಬ್ಬಸ ಶುರುವಾಗಿ ಐದು ವರ್ಷ, ಬುದ್ಧಿ ಹೇಳುವವರ ಕಾಟ ಶುರುವಾಗಿಯೂ ಐದೇ ವರ್ಷ. ಉಬ್ಬಸವನ್ನಾದರೂ ಹೇಗೋ ತಡೆದುಕೊಳ್ಳಬಹುದಿತ್ತು. ಪಕ್ಕದ ಮನೆಯ ಓಬಮ್ಮ ಓಮದ ಕಾಳು ಕುದಿಸಿ ಹಬೆ ತಗೋ ಅನ್ನುವಳು. ಮಗ ಯೋಗೇಶ ಮೊಬೈಲಿನಲ್ಲಿ ಏನೋ ನೋಡಿ, ಕುಂತಲ್ಲೇ ಮೂಗು ಹಿಡಿದು ಉಸಿರು ಬಿಡಮ್ಮ ಅನ್ನುವನು. ಗಂಡ ಪಾಲಣ್ಣ ಕಂಬಳಿ ಹೊದಿಸಲು ಬರುವನು. ಕುರಿ ತುಪ್ಪಟದ ಕಂಬಳಿ ಬೇರೆ. ಅದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಯಾಕೆಂದರೆ ಉಬ್ಬಸ ಬರುವುದು ಕುರಿಯಿಂದ ಎಂದು ಅವಳು ಯಾವತ್ತೋ ತೀರ್ಮಾನ ಮಾಡಿಯಾಗಿತ್ತು. ಆದಿವಾಲದ ಆಚೆಗಿರುವ ಅವರ ಹಟ್ಟಿಯಿಂದ ಪಾಲಣ್ಣ ಕೊಯ್ಲಾದ ಹೊಲಗಳನ್ನು ಹುಡುಕಿಕೊಂಡು ಕುರಿ ಹೊಡೆದುಕೊಂಡು ಹೋದರೆ, ತಿರುಗಿ ಬರುತ್ತಿದ್ದುದು ಸಂಕ್ರಾಂತಿ ಕಳೆದು ಚಳಿ ಇಳಿಯುವ ಹೊತ್ತಿಗೆ. ಬಂದವನೇ ಮನೆಯ ಮೂಡಲಿಗೆ ಕುರಿ ಕೂಡುವ ರೊಪ್ಪದ ಹಳೆಯ ಮುಳ್ಳುಬೇಲಿ ಕಿತ್ತು ಹಾಕಿ, ಕೆರೆಯಂಗಳದಿಂದ ಹಸಿ ಬಳ್ಳಾರಿ ಜಾಲಿ ಕಡಿದು ತಂದು ಹೊಸ ಬೇಲಿ ಒಟ್ಟುತ್ತಿದ್ದ. ಅದೇ ವಾರ ನಾಗಕ್ಕನ ಎದೆ ಪೀ ಪೀ ಅನ್ನುತ್ತಿತ್ತು. ಕುರಿ ಇಲ್ಲದಾಗ ಸುಖ, ಕುರಿ ಬಂದ ವಾರ ಉಬ್ಬಸ. ಇನ್ನೇನು ಸಾಕ್ಷಿ ಬೇಕು?

"ಮಳೆಗಾಲದಾಗೂ ಕುರಿ ಇಲ್ಲೇ ಇರ್ತಾವಲ್ಲ, ಆಗ್ಯಾಕೆ ಬರಲ್ಲ?" ಎಂದು ಪಾಲಣ್ಣ ಒಮ್ಮೆ ಕೇಳಿದ್ದ.

"ಮಳೆಗೆ ತುಪ್ಪಟ ತೊಯ್ದಿರ್ತೈತೆ, ಕೂದ್ಲು ಹಾರಲ್ಲ. ಅಷ್ಟೂ ತಿಳಿಯಲ್ವಾ ನಿಂಗೆ?" ಎಂದು ಅವಳು ಬಾಯಿ ಮುಚ್ಚಿಸಿದ್ದಳು.

ಹೋದ ವರ್ಷ ಆಸ್ಪತ್ರೆಯ ಡಾಕ್ಟರಮ್ಮ ಅನುಸೂಯ, ಮನೆಯ ಹತ್ತಿರ ಹೂ ಬಿಡುವ ಗಿಡಮರ ಏನೇನಿವೆ ಎಂದು ಕೇಳಿದ್ದರು. ಎದೆ ಹಿಡಿದುಕೊಂಡು ಬಂದರೆ ಈಯಮ್ಮ ತೋಟದ ವಿಚಾರ ಮಾತಾಡ್ತಾಳಲ್ಲ ಎಂದು ನಾಗಕ್ಕನಿಗೆ ರೇಗಿಹೋಗಿತ್ತು. "ಒಂದು ಕನಕಾಂಬರ ಗಿಡ ಐತೆ ಕಣವ್ವ, ಅಷ್ಟೆ" ಅಂದಿದ್ದಳು. ಸುಳ್ಳು ಹೇಳಿರಲಿಲ್ಲ. ಆ ಸೀಮೆಯಲ್ಲಿ ಜಾಲಿ ಅಂದರೆ ಮುಳ್ಳು, ಸೌದೆ, ಬೇಲಿ. ದೇವರಿಗೇರದ, ಮುಡಿಗೇರದ ಆ ಹಳದಿ ತೆನೆಯನ್ನು ಹೂವು ಎಂದು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಈ ವರ್ಷ ಅವಳು ತಡೆದುಕೊಳ್ಳಲಿಲ್ಲ. ಪಾಲಣ್ಣ ಕುರಿ ಹೊಡೆದುಕೊಂಡು ಬಂದ ದಿನವೇ ರೊಪ್ಪದ ಬಾಯಿಗೆ ಅಡ್ಡ ನಿಂತಳು. "ಈ ಮನ್ಯಾಗೆ ಅವು ಇರ್ಬೇಕು, ಇಲ್ಲಾ ನಾನಿರ್ಬೇಕು. ಯಾವ್ದು ಬೇಕು ಹೇಳು."

ಪಾಲಣ್ಣ ಹೊಸ ಬೇಲಿಯ ಕೆಲಸ ಬಿಟ್ಟು, ಮರುದಿನವೇ ಕುರಿ ವ್ಯಾಪಾರಿಗೆ ಹೇಳಿ ಬಂದ. ನಾಲ್ಕನೆಯ ದಿನ ವ್ಯಾಪಾರಿಯ ಟೆಂಪೊ ಬಂತು. ಹಟ ಮಾಡಿ ಒಂದೆರಡಾದರೂ ಉಳಿಸಿಕೊಳ್ಳುತ್ತಾನೆ ಅಂದುಕೊಂಡಿದ್ದಳು. ಅವನು ಒಂದನ್ನೂ ಉಳಿಸಲಿಲ್ಲ. ಮುಂದಾಳು ಕುರಿ ಹಲಗೆ ಹತ್ತಲೊಲ್ಲದೆ ಕಾಲೂರಿ ನಿಂತಾಗ ತಾನೇ ತಬ್ಬಿ ಎತ್ತಿ ಒಳಗಿಟ್ಟ. ಆಮೇಲೆ ಬಾವಿಕಟ್ಟೆಗೆ ಹೋಗಿ ಕೈ ತೊಳೆದುಕೊಳ್ಳುತ್ತಾ ಬಹಳ ಹೊತ್ತು ನಿಂತ.

ಆ ಸಲದ ಚಳಿಯೋ, ಬಿಡುವ ಮಾತೇ ಇಲ್ಲ. ಶಿವರಾತ್ರಿ ಹತ್ತಿರ ಬಂದರೂ ಬೆಳಗ್ಗೆ ಎಂಟರವರೆಗೆ ಇಬ್ಬನಿ ತೊಟ್ಟಿಕ್ಕುತ್ತಿತ್ತು. ನಾಗಕ್ಕನ ಎದೆ ಮಾತ್ರ ಹಗುರ. ಒಂದು ವಾರ, ಎರಡು ವಾರ, ಮೂರು ವಾರ, ಒಂದು ಸಲವೂ ಪೀ ಅನ್ನಲಿಲ್ಲ.

"ನೋಡ್ದಾ? ಕುರಿ ಹೋದ್ವು, ಉಬ್ಬಸಾನೂ ಹೋತು. ಐದು ವರ್ಷ ಬಡ್ಕಂಡೆ, ಕೇಳ್ದೇನು ನೀನು?" ಎಂದು ಹಟ್ಟಿಗೆಲ್ಲ ಕೇಳುವಂತೆ ಅಂದಳು. ಪಾಲಣ್ಣ "ಒಳ್ಳೇದಾತು ಬಿಡು" ಅಂದ.

ಶಿವರಾತ್ರಿ ಕಳೆದದ್ದೇ ತಡ, ಮೂರೇ ದಿನದಲ್ಲಿ ಬಿಸಿಲು ಚುರುಗುಟ್ಟಿತು, ಮೂಡಲಿಂದ ಒಣಗಾಳಿ ಎದ್ದಿತು. ಅವತ್ತು ಬೆಳಗ್ಗೆ ಪಾಲಣ್ಣ ಮಚ್ಚು ಹಿಡಿದು ಕೆರೆಯಂಗಳಕ್ಕೆ ಹೋದವನು ಜಾಲಿ ಕೊಂಬೆಗಳ ಹೊರೆ ಎಳೆದುಕೊಂಡು ಬಂದ. ಖಾಲಿ ರೊಪ್ಪದ ಸುತ್ತ ಬೇಲಿ ಒಟ್ಟತೊಡಗಿದ.

ನಾಗಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಒಂದು ಮರಿನೂ ಇಲ್ದಿರೋ ರೊಪ್ಪಕ್ಕೆ ಬೇಲಿ ಯಾಕೆ? ಯಾರನ್ನ ಕೂಡಾಕ್ತೀಯ, ನನ್ನಾ?"

"ಕೈ ಸುಮ್ನಿರಲ್ಲ" ಅಂದ ಪಾಲಣ್ಣ.

ಅವಳು ಮಧ್ಯಾಹ್ನದವರೆಗೂ ಬೈದಳು. ಸಂಜೆಯಾಗುವಷ್ಟರಲ್ಲಿ ಬೈಯಲು ಉಸಿರು ಉಳಿದಿರಲಿಲ್ಲ. ಹಿಂದಿನ ಯಾವ ವರ್ಷವೂ ಹಾಗೆ ಕಟ್ಟಿಕೊಂಡಿರಲಿಲ್ಲ. ಬೆಳಗಾಗುತ್ತಲೇ ಪಾಲಣ್ಣ ಮೈಮೇಲಿನ ಅಂಗಿಯಲ್ಲೇ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ತಂದ.

ಡಾಕ್ಟರಮ್ಮ ಅವಳ ಮೂಗಿಗೆ ಔಷಧಿಯ ಹಬೆ ಹಿಡಿದು, ಪಾಲಣ್ಣನ ಕಡೆ ತಿರುಗಿ ಅವನ ಹೆಗಲ ಮೇಲೆ ಬೆರಳಾಡಿಸಿದರು. ಬೆರಳಿನ ತುದಿ ಹಳದಿಯಾಯಿತು. "ಇದೇನಿದು?"

"ಜಾಲಿದು ಕಣವ್ವ. ಬೇಲಿ ಕಡಿದಿದ್ದೆ."

"ಹೂ ಬಿಟ್ಟಿರೋ ಜಾಲಿ ತಂದು ಮನೆ ಪಕ್ಕದಲ್ಲೇ ಒಟ್ಟಿದ್ದೀರಾ? ಪ್ರತಿ ವರ್ಷವೂ?" ಅವರು ಹಣೆಗೆ ಕೈ ಹಚ್ಚಿದರು. "ಇವರಿಗೆ ಆಗದೇ ಇರೋದು ಈ ಪರಾಗ. ಈ ಸಲ ಚಳಿ ಬಿಡಲೇ ಇಲ್ಲ ನೋಡಿ, ಹೂವು ತಡೆದು ನಿಂತಿತ್ತು. ಬಿಸಿಲು ಬಿದ್ದ ಕೂಡಲೇ ಎಲ್ಲ ಮರಗಳೂ ಒಟ್ಟಿಗೆ ಅರಳಿವೆ. ಇಬ್ಬನಿ, ಮಳೆ ಇದ್ದರೆ ಪುಡಿ ತೊಯ್ದು ಕೂತಿರುತ್ತೆ, ಒಣಗಾಳಿಗೆ ಹಾರುತ್ತೆ. ಆ ಬೇಲಿ ಇವತ್ತೇ ತೆಗೆದುಹಾಕಿ."

"ಕುರಿ ಕೂದ್ಲು?" ನಾಗಕ್ಕ ಹಬೆಯ ನಡುವೆಯೇ ಕೇಳಿದಳು.

"ಕುರಿಯಿಂದ ಆಗೋ ಹಾಗಿದ್ದರೆ ಕುರಿ ಇದ್ದಾಗೆಲ್ಲಾ ಬರಬೇಕಿತ್ತಲ್ಲಮ್ಮ" ಎಂದು ಡಾಕ್ಟರಮ್ಮ ಮುಂದಿನ ರೋಗಿಯನ್ನು ಕರೆದರು.

ಹೊರಗೆ ಬೆಂಚಿನ ಮೇಲೆ ಇಬ್ಬರೂ ಕುಂತರು. ನಾಗಕ್ಕನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಇವನು ಈಗಲಾದರೂ ಬೈದರೆ ತಿರುಗಿ ಬೈದು ಹಗುರಾಗಬಹುದಿತ್ತು. ಇವನೋ ಮಾತ್ರೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಡುತ್ತಿದ್ದ.

"ನಿಂಗೆ... ಗೊತ್ತಿತ್ತೇನು?" ಎಂದಳು.

"ಜಾಲಿ ಅಂತ ಗೊತ್ತಿರ್ಲಿಲ್ಲ. ಕುರಿದಲ್ಲ ಅಂತ ಗೊತ್ತಿತ್ತು."

"ಮತ್ತೆ ಯಾಕೆ... ಮಾರ್ದೆ?"

ಪಾಲಣ್ಣ ರಸ್ತೆಯ ಕಡೆ ನೋಡುತ್ತಾ ಹೇಳಿದ: "ನೀನು ಉಸಿರಿಗೆ ಒದ್ದಾಡ್ತಾ ಇದ್ರೆ, ಎದುರಿಗೆ ನಿಂತ್ಕಂಡು ಕುರಿ ಪರ ಹೆಂಗೆ ಮಾತಾಡ್ಲೇ?"