ಒಂಬತ್ತು ಊರಿನ ಪಾಸು

‘ಮದಾಂಗೆ ಸುಳ್ಳು ಬರೆದುಕೊಟ್ಟೆ’ ಎಂಬ ಒಂದೇ ಸಾಲು ಡೈರಿಯಲ್ಲಿ ಬರೆದು ಸುಮತಿ ಪೆನ್ನಿನ ಮುಚ್ಚಳ ಹಾಕಿದಳು. ಆಮೇಲೆ ಮತ್ತೆ ತೆಗೆದು, ‘ಫ್ರೆಂಚಿನಲ್ಲಿ ಬರೆದರೂ ಸುಳ್ಳು ಸುಳ್ಳೇ’ ಎಂದು ಸೇರಿಸಿದಳು.

ಎಪ್ಪತ್ತೆಂಟರ ಏಪ್ರಿಲ್. ಬಿ.ಎ. ಮುಗಿಸಿ ಮನೆಯಲ್ಲಿದ್ದ ಸುಮತಿ ವಾರಕ್ಕೆ ಮೂರು ದಿನ ತಾಂಬರಂನಲ್ಲಿ ಎಲೆಕ್ಟ್ರಿಕ್ ಟ್ರೇನ್ ಹತ್ತಿ ನುಂಗಂಬಾಕ್ಕಕ್ಕೆ ಫ್ರೆಂಚ್ ಕಲಿಯಲು ಹೋಗುತ್ತಿದ್ದಳು. ಮೂರನೆಯ ಬೆಂಚಿನಲ್ಲಿ ಗೋಡೆಯ ಬದಿ ಅವಳ ಜಾಗ. ಕೇಳಿದರೆ ಮಾತ್ರ ಬಾಯಿ ಬಿಡುವವಳು. ಹೋದ ವಾರ ಪಾಠದಲ್ಲಿ ರಜೆಯ ಮಾತು ಬಂದಾಗ, ಪಾಠ ಹೇಳುವ ಮದಾಂ ಕ್ಲೇರ್ ಫ್ರಾನ್ಸಿನ ತಮ್ಮ ಮನೆಯ ಸಮಾಚಾರ ಹೇಳಿದ್ದರು. ಆಗಸ್ಟ್ ಬಂತೆಂದರೆ ಅವರ ಬೀದಿಯ ಬ್ರೆಡ್ಡಿನ ಅಂಗಡಿಯವನೂ ಬಾಗಿಲಿಗೆ ಚೀಟಿ ಅಂಟಿಸಿ ಹೊರಟುಬಿಡುತ್ತಾನಂತೆ. ಮದಾಂ ಮನೆಯವರೆಲ್ಲ ಸಮುದ್ರದಂಡೆಯ ಒಂದು ಹಳ್ಳಿಗೆ, ಪ್ರತಿ ವರ್ಷವೂ ಅದೇ ಹಳ್ಳಿಗೆ, ಒಂದು ತಿಂಗಳು. ಪೆಟ್ಟಿಗೆ ಬಿಚ್ಚುವುದು ಒಂದು ಸಲ, ಕಟ್ಟುವುದು ಒಂದು ಸಲ.

“ತಿಂಗಳೆಲ್ಲ ಅಲ್ಲಿ ಏನು ನೋಡ್ತೀರಿ ಮೇಡಂ?” ಎಂದು ಕೇಳಿದ್ದ ಸಹಪಾಠಿ ಚಂದು. ಬ್ಯಾಂಕಿನಲ್ಲಿ ಕೆಲಸ ಅವನಿಗೆ.

“ಸಮುದ್ರ.”

“ಅದು ಮೊದಲನೇ ದಿನಕ್ಕೆ ಮುಗೀತು. ಮಾರನೇ ದಿನ?”

“ಮಾರನೇ ದಿನ ನೋಡೋದಕ್ಕೆ ಶುರು ಮಾಡ್ತೀವಿ. ಮೊದಲನೇ ದಿನ ಸುಸ್ತಾಗಿರುತ್ತೆ.”

ತರಗತಿಯೆಲ್ಲ ನಕ್ಕಿತ್ತು. ಸುಮತಿ ನಕ್ಕಿರಲಿಲ್ಲ.

ನಿಮ್ಮ ರಜೆಯ ಬಗ್ಗೆ ಬರೆದು ತನ್ನಿ ಎಂದಾಗ ಅವಳು, ಕಾಶಿಯಲ್ಲಿ ಹತ್ತು ದಿನ ಇದ್ದೆ, ದಿನಾ ಬೆಳಿಗ್ಗೆ ಅದೇ ಮೆಟ್ಟಿಲ ಮೇಲೆ ಕೂತು ನದಿ ನೋಡಿದೆ ಎಂದು ಬರೆದಳು. ಇವತ್ತು ಮದಾಂ ಅದನ್ನು ಮೆಚ್ಚಿಕೊಂಡು, ತರಗತಿ ಮುಗಿದ ಮೇಲೆ ಅವಳನ್ನು ನಿಲ್ಲಿಸಿ, “ಬೆಳಿಗ್ಗೆ ನದಿ ಯಾವ ಬಣ್ಣ ಇರುತ್ತೆ?” ಎಂದು ಕೇಳಿದರು. ಸುಮತಿ ರೈಲಿಗೆ ಹೊತ್ತಾಯಿತೆಂದು ಓಡಿಬಂದಿದ್ದಳು.

ಕಾಶಿಯಲ್ಲಿ ಅವರು ಇದ್ದದ್ದು ಐದು ಗಂಟೆ. ಅಪ್ಪ ಹರಿದಾಸ ರಾಯರು ರೈಲ್ವೆ ಗುಮಾಸ್ತರು. ವರ್ಷಕ್ಕೊಮ್ಮೆ ಸಂಸಾರಕ್ಕೆಲ್ಲ ಬಿಟ್ಟಿ ರೈಲು ಪಾಸು ಸಿಕ್ಕಾಗ ದಾರಿಯಲ್ಲಿ ಎಷ್ಟು ಊರಲ್ಲಿ ಇಳಿದು ಹತ್ತಬಹುದೋ ಅಷ್ಟೂ ಊರಲ್ಲಿ ಇಳಿಯದಿದ್ದರೆ ಅವರಿಗೆ ಸಮಾಧಾನವಿಲ್ಲ. ಇಳಿದ ಕಡೆಯೆಲ್ಲ ಹಾಸಿಗೆ ಸುತ್ತಿದ ಹೋಲ್ಡಾಲು, ಟ್ರಂಕು, ನೀರಿನ ಕೂಜ, ಅವಲಕ್ಕಿ ಡಬ್ಬ ಕಾಯುವುದಕ್ಕೆ ಒಬ್ಬರು ಬೇಕು. ಕ್ಲೋಕ್ ರೂಮಿಗೆ ಹಾಕಿದರೆ ತಿಂಡಿಯೆಲ್ಲ ಇಲಿಪಾಲು ಎಂದು ಸೋದರತ್ತೆಯ ಭಯ. ಮೊದಲ ವರ್ಷ ಹರಿದ್ವಾರದಲ್ಲಿ ಸುಮತಿಯೇ, “ನೀವು ಹೋಗ್ಬನ್ನಿ, ನಾನಿರ್ತೀನಿ” ಎಂದಿದ್ದಳು. ಅಂದಿನಿಂದ ಅದು ಅವಳ ಪಾಲಿಗೇ ನಿಂತಿತು. ಹೋದ ವರ್ಷ ಅವಳು ಕಂಡ ಗಂಗೆಯೆಂದರೆ ಅತ್ತೆ ವೇಟಿಂಗ್ ರೂಮಿಗೆ ಚೊಂಬಿನಲ್ಲಿ ತಂದದ್ದು. ಯಾರನ್ನೂ ದೂರುವಂತಿರಲಿಲ್ಲ. ಬಾಯಿ ಬಿಟ್ಟು ಕೇಳಿದ್ದರೆ ಯಾರಾದರೂ ಕೂರುತ್ತಿದ್ದರು.

ಡೈರಿ ಮುಚ್ಚಿ ಹಾಲಿಗೆ ಬಂದಳು. ದೀಪ ಹಚ್ಚುವ ಹೊತ್ತು. ರಾಯರು ರೈಲ್ವೆ ಟೈಂ ಟೇಬಲ್ ಹರಡಿಕೊಂಡು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು.

“ಈ ಸಲ ಒಂಬತ್ತು ಊರು, ಹನ್ನೊಂದು ದಿನ. ನಾಳೆ ಪಾಸಿಗೆ ಅರ್ಜಿ ಕೊಟ್ಬಿಡ್ತೀನಿ.”

“ಉಜ್ಜಯಿನಿ ಬಿಟ್ಯೇನೋ ಹರಿ?” ಎಂದಳು ರಾಯರ ಅಕ್ಕ ಗೋದಾಬಾಯಿ, ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು.

“ಇದೆಯಕ್ಕ. ಮೂರು ಗಂಟೆ ಇಟ್ಟಿದೀನಿ.”

“ಸಾಕು ಬಿಡು. ಆ ದೇವರಾದ್ರೂ ನಮ್ಮ ಮುಖಾನ ಎಷ್ಟು ಹೊತ್ತು ಅಂತ ನೋಡ್ತಾನೆ.”

“ಯಾವ ದೇವರು ಯಾವ ಊರಲ್ಲಿ ಅನ್ನೋದೇ ನಂಗೆ ಗೋಜಲು,” ಎಂದಳು ಅಮ್ಮ ವೆಂಕಟಲಕ್ಷ್ಮಿ ಅಡುಗೆಮನೆಯಿಂದ. “ಹೋದ ವರ್ಷ ಮಥುರೇಲಿ ನಿಂತು ವಿಶ್ವನಾಥಾ ಅಂತ ಕೈಮುಗಿದೆ.”

“ದೇವರುಗಳು ಅವರವರಲ್ಲೇ ತಲುಪಿಸ್ಕೋತಾರೆ,” ಎಂದು ರಾಯರು ನಕ್ಕರು. “ಸುಮತಿ, ಹೋಲ್ಡಾಲಿಗೆ ಹೊಸ ಪಟ್ಟಿ ಹಾಕಿಸ್ಬೇಕು, ನೆನಪಿಸು. ನೀನಿದ್ರೆ ಸಾಮಾನಿನ ಯೋಚನೆಯೇ ಇಲ್ಲ ನೋಡು. ಇಪ್ಪತ್ತೆರಡಕ್ಕೇ ಕಾಶಿ, ಹರಿದ್ವಾರ ಎಲ್ಲ ನೋಡಿದವಳು ನಮ್ಮ ಆಫೀಸಲ್ಲಿ ಇನ್ಯಾರ ಮಗಳಿದಾಳೆ?”

ಹೂಂ ಎನ್ನುವುದು ಅವಳಿಗೆ ಅಭ್ಯಾಸ. ಈಗ ಹೂಂ ಎಂದರೆ ನಾಳೆ ಅರ್ಜಿ ಹೋಗುತ್ತದೆ. ಒಂಬತ್ತು ಊರಿನ ಒಂಬತ್ತು ವೇಟಿಂಗ್ ರೂಮು.

“ಅಪ್ಪ.”

“ಏನಮ್ಮ, ಪುರಿ ಸೇರಿಸ್ಬೇಕಾ?”

“ಇಲ್ಲ. ಕಡಿಮೆ ಮಾಡಿ.”

“ಯಾವುದು ಬೇಡ ಹೇಳು, ತೆಗೆದುಬಿಡೋಣ.”

“ಒಂದು ಊರು ಇರಲಿ. ಯಾವುದಾದ್ರೂ ಸರಿ. ಮಿಕ್ಕಿದ್ದೆಲ್ಲ ಬೇಡ.”

ಅತ್ತೆ ಕಾಲು ಕೆಳಗಿಳಿಸಿದಳು. “ಹನ್ನೊಂದು ದಿನ ಒಂದೇ ಊರಲ್ಲಿ ಸುಮ್ಮಾ ಕೂತ್ಕೊಳ್ಳೋಕೆ ತಾಂಬರಂ ಸಾಲದೇನೇ? ಆ ದೊರೆಸಾನಿ ಕಲಿಸಿದ್ದಾ ಇದು?”

ಹೌದೆನ್ನಬಹುದಿತ್ತು, ಮಾತು ಅಲ್ಲಿಗೆ ನಗೆಯಲ್ಲಿ ಮುಗಿಯುತ್ತಿತ್ತು. ಸುಮತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತ್ತು. ರಾಯರು ಪೆನ್ಸಿಲು ಕೆಳಗಿಟ್ಟರು. ಕೋಪವಿರಲಿಲ್ಲ, ಅರ್ಥವಾಗದೆ ಮಗಳ ಮುಖವನ್ನೇ ನೋಡಿದರು.

“ಯಾಕಮ್ಮ?”

“ನಾನು ಯಾವ ಊರನ್ನೂ ನೋಡಿಲ್ಲ ಅಪ್ಪ,” ಎಂದಳು ಸುಮತಿ. “ಸಾಮಾನು ನೋಡ್ಕೊಂಡು ಕೂತಿದ್ದೆ. ಈ ಸಲ ಒಂದು ರೂಮು ಹಿಡಿದು, ಅದನ್ನೆಲ್ಲ ಒಳಗಿಟ್ಟು ಬೀಗ ಹಾಕಿ, ನಿಮ್ಮ ಜೊತೆ ನಾನೂ ಹೊರಗೆ ಬರ್ಬೇಕು.”