ಟ್ಯಾಂಕಿನ ಹಿಂದಿನ ಗುದ್ದು

ಆ ಹೈಸ್ಕೂಲಿನಲ್ಲಿ ಮಕ್ಕಳಿಗಿಂತ ಬೆಂಚುಗಳೇ ಹೆಚ್ಚು. ಹೊಲಗಳ ನಡುವೆ ಮೂರು ಕೋಣೆ, ಒಂದು ಮೈದಾನ, ಮೈದಾನದ ಮೂಲೆಯಲ್ಲೊಂದು ಸಿಮೆಂಟಿನ ನೀರಿನ ಟ್ಯಾಂಕು. ಫುಟ್‌ಬಾಲ್ ಆಡೋಣವೆಂದರೆ ಹನ್ನೊಂದು ಜನ ಸಿಗುವುದಿಲ್ಲ, ಸಿಕ್ಕರೂ ಅರ್ಧದಷ್ಟು ಜನಕ್ಕೆ ಬೂಟಿಲ್ಲ. ಹಾಗಾಗಿ ಇವರ ಪಾಲಿಗೆ ಉಳಿದದ್ದು ಹಗ್ಗಜಗ್ಗಾಟ. ಎಂಟು ಜನ ಸಾಕು, ಹುಡುಗ ಹುಡುಗಿ ಎಂಬ ಭೇದವಿಲ್ಲ, ಹಗ್ಗವೊಂದಿದ್ದರಾಯಿತು. ವರ್ಷಕ್ಕೊಮ್ಮೆ ಹೊಳೆಯಾಚೆಯ ಶಾಲೆಯವರ ಜೊತೆ ಪಂದ್ಯ. ಆ ಒಂದು ಪಂದ್ಯಕ್ಕಾಗಿ ವರ್ಷವಿಡೀ ಹಲ್ಲು ಕಡಿಯುತ್ತ ಬದುಕುವ ಮಕ್ಕಳು ಇವರು.

ಆ ಶಾಲೆಗೆ ಒಂದು ಕೆಟ್ಟ ಪದ್ಧತಿಯಿತ್ತು. ಶುರು ಮಾಡಿದವರು ಯಾರೋ, ಅವರ ಕೈ ಸೇದಿಹೋಗ. ಪಂದ್ಯ ಸೋತರೆ, ಮೊದಲು ಹಗ್ಗ ಬಿಟ್ಟವರು ಯಾರೆಂದು ಹುಡುಕುತ್ತಾರೆ. ಮುಂದಿನ ಪಂದ್ಯದವರೆಗೂ ದಿನಾ ಇಂಟರ್‌ವೆಲ್ಲಿನಲ್ಲಿ ಅವರು ಟ್ಯಾಂಕಿನ ಹಿಂದೆ ಬಂದು ನಿಲ್ಲಬೇಕು. ಉಳಿದ ಏಳು ಜನ ಒಬ್ಬೊಬ್ಬರಾಗಿ ಬಂದು ಒಂದೊಂದು ಗುದ್ದು ಕೊಡಬೇಕು. ಮುಖಕ್ಕಿಲ್ಲ, ಮುಖಕ್ಕೆ ಬಿದ್ದರೆ ಮನೆಯವರಿಗೆ ಕಾಣುತ್ತದೆ. ತೋಳಿಗೆ, ಬೆನ್ನಿಗೆ, ಪಕ್ಕೆಗೆ. ಮೆಲ್ಲಗೆ ಗುದ್ದಿದವರಿಗೂ ಅಲ್ಲೇ ಬೀಳುತ್ತದೆ. ಮನೆಯಲ್ಲಿ ಬಾಯಿಬಿಟ್ಟರೆ ದುಪ್ಪಟ್ಟು. ಗೆದ್ದರೆ ಮಾತ್ರ ಆ ವರ್ಷ ಯಾರಿಗೂ ಏನೂ ಇಲ್ಲ. ಪಿ.ಟಿ. ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆತನೂ ಇದೇ ಶಾಲೆಯಲ್ಲಿ ಹಗ್ಗ ಎಳೆದವನು. ಇಂಟರ್‌ವೆಲ್ ಆಯಿತೆಂದರೆ ಟ್ಯಾಂಕಿನ ಕಡೆ ಬೆನ್ನು ಹಾಕಿ ನಿಂತು ಟೀ ಕುಡಿಯುತ್ತಿದ್ದ.

ಕಳೆದ ಸಲ ಹಗ್ಗ ಬಿಟ್ಟವನು ವೆಲ್ಡಿಂಗ್ ಅಂಗಡಿಯವನ ಮಗ. ಬೆವರಿದ ಕೈ, ಜಾರಿತು, ಅಷ್ಟೇ. ಅಂದಿನಿಂದ ಶಾಲೆಯಲ್ಲಿ ಅವನ ಹೆಸರು ಜಾರುಬಂಡೆ. ಅವನಿಗೊಬ್ಬಳು ಅಕ್ಕ. ದೊಡ್ಡಮ್ಮನ ಮನೆಯಲ್ಲಿದ್ದು ಓದುತ್ತಿದ್ದವಳು, ಹತ್ತನೇ ಕ್ಲಾಸಿಗೆಂದು ಈ ವರ್ಷ ಮನೆಗೆ ವಾಪಸು ಬಂದು ಇದೇ ಶಾಲೆ ಸೇರಿದ್ದಳು. ರಜೆ ಬಂದರೆ ಅಪ್ಪನ ಜೊತೆ ಅಂಗಡಿಯಲ್ಲಿ ಕಬ್ಬಿಣ ಬಡಿದು ಬೆಳೆದ ಹುಡುಗಿ, ತೋಳು ನೋಡಿದರೆ ಗಂಡು ಹುಡುಗರೇ ದಾರಿ ಬಿಡಬೇಕು. ಕೋಪವಂತೂ ಮೂಗಿನ ತುದಿಯಲ್ಲೇ. ತಮ್ಮನ ವಿಷಯದಲ್ಲಿ ಮಾತ್ರ ಬೆಣ್ಣೆ.

ಒಂದು ದಿನ ಬಚ್ಚಲಿನ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ತಮ್ಮ ಬಗ್ಗಿ ತಲೆಗೆ ನೀರು ಸುರಿದುಕೊಳ್ಳುತ್ತಿದ್ದ. ಅವನ ಬೆನ್ನು ಅವಳಿಗೆ ಕಂಡಿತು. ಹಳೆಯದು ಹಳದಿಯಾಗಿ, ಅದರ ಮೇಲೆ ಹಸಿರು, ಅದರ ಮೇಲೆ ಆ ದಿನದ್ದು ಕಪ್ಪಗೆ. ಚರ್ಮದ ಬಣ್ಣ ಹುಡುಕಿದರೂ ಇಲ್ಲ. ಅವಳು ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

"ಯಾರೋ ಇದು?"

"ಬಿದ್ದೆ."

"ದಿನಾ ಬೀಳ್ತೀಯಾ?"

ಅವನು ಟವೆಲ್ ಹೊದ್ದುಕೊಂಡು ಗೋಡೆಗೆ ಆತುಕೊಂಡ. ಅವಳು ಬಿಡಲಿಲ್ಲ. ಕೊನೆಗೆ ಎಲ್ಲವನ್ನೂ ಹೇಳಿಸಿದಳು. ಹೇಳಿ ಮುಗಿಸಿದ ಮೇಲೆ, "ಅಪ್ಪಂಗೆ ಹೇಳ್ಬೇಡ ಅಕ್ಕಾ, ನಿನ್ ಕಾಲಿಗೆ ಬೀಳ್ತೀನಿ," ಎಂದ.

ಅಂದು ಸಂಜೆ ಅಂಗಡಿಯ ಹಿಂದೆ ಮರಳಿನ ಚೀಲ ನೇತುಹಾಕಿ ಅವನಿಗೆ ಗುದ್ದುವುದನ್ನು ಕಲಿಸಿದಳು. ಅವನು ಹೆಬ್ಬೆರಳನ್ನು ಮುಷ್ಟಿಯ ಒಳಗೆ ಮಡಚುತ್ತಿದ್ದ. "ಹೆಬ್ಬೆರಳು ಹೊರಗಿಡೋ, ದಡ್ಡ ನನ್ಮಗನೆ. ಒಳಗಿಟ್ರೆ ನಿಂದೇ ಮುರಿಯೋದು. ಒಂದೇ ಒಂದು ಸಲ ವಾಪಸ್ ಕೊಡು, ಆಮೇಲೆ ನೋಡು." ಅವನು ಚೀಲಕ್ಕೆ ಮೆಲ್ಲಗೆ ಗುದ್ದಿ ತನ್ನ ಕೈಯನ್ನೇ ಉಜ್ಜಿಕೊಂಡ. ಇವನ ಕೈಲಿ ಇದು ಆಗುವ ಮಾತಲ್ಲ ಎಂದು ಅವಳಿಗೆ ಗೊತ್ತಾಯಿತು.

ಹಾಗಾಗಿ ಮರುದಿನ ಟ್ಯಾಂಕಿನ ಹಿಂದಕ್ಕೆ ಅವಳೇ ಹೋದಳು. ತಂಡದ ನಾಯಕ ಗೂಳಿ, ಮರದ ಮಿಲ್ಲಿನ ಡ್ರೈವರನ ಮಗ, ಹೆಸರಿಗೆ ತಕ್ಕ ಕುತ್ತಿಗೆಯವನು, ತಮ್ಮನ ಮುಂದೆ ತೋಳು ಮಡಿಸಿ ನಿಂತಿದ್ದ. ಮಾತಿಲ್ಲ ಕತೆಯಿಲ್ಲ, ಕೈಯಲ್ಲಿದ್ದ ಸ್ಟೀಲಿನ ಊಟದ ಡಬ್ಬಿಯನ್ನು ಬೀಸಿ ಅವನ ಬಾಯಿಗೆ ಹೊಡೆದಳು. ಗೂಳಿ ಮಂಡಿಯೂರಿ ಕುಸಿದ. ಉಗುಳಿದರೆ ರಕ್ತದ ಜೊತೆ ಮುಂದಿನ ಹಲ್ಲಿನ ಚೂರು ಬಿತ್ತು. ಬಿಡಿಸಲು ಬಂದವನ ಮೊಣಕಾಲಿಗೆ ಒದ್ದಳು. ಇನ್ನೊಬ್ಬಳ ಜಡೆ ಹಿಡಿದು ಟ್ಯಾಂಕಿನ ಗೋಡೆಗೆ ಅವಳ ಹಣೆ ಚಚ್ಚಿದಳು. ಉಳಿದವರು ದೂರ ಸರಿದರು. ಅಕ್ಕನಿಗೆ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ.

ಆದರೆ ಅದರ ಮರುದಿನ ಅವಳಿಗೆ ಕಾಣದ ಹಾಗೆ ತಮ್ಮನನ್ನು ಹೊಲದ ದಾರಿಯಲ್ಲಿ ಹಿಡಿದರು. ಒಂದೊಂದಲ್ಲ, ಎರಡೆರಡು. ಮನೆಗೆ ಬಂದವನು ಊಟ ಬಿಟ್ಟು ಮುಖ ಕೆಳಗೆ ಮಾಡಿ ಮಲಗಿದ. ಪಕ್ಕೆ ಮುಟ್ಟಿದರೆ ಸಾಕು, ಹಲ್ಲು ಕಚ್ಚುತ್ತಿದ್ದ.

"ನಿನ್ ದಮ್ಮಯ್ಯ, ಇನ್ಮೇಲೆ ನಂಗೆ ಸಹಾಯ ಮಾಡ್ಬೇಡ," ಎಂದ.

ರಾತ್ರಿಯೆಲ್ಲ ಅವಳಿಗೆ ಒಂದೇ ಯೋಚನೆ. ಹೊಡೆದರೆ ಇವನಿಗೇ ಬೀಳುತ್ತದೆ, ಹೇಳಿದರೂ ಇವನಿಗೇ ಬೀಳುತ್ತದೆ. ಇವನನ್ನು ಬಿಡಿಸಲು ಇರುವುದು ಒಂದೇ ದಾರಿ, ಈ ಸಲದ ಪಂದ್ಯ ಗೆಲ್ಲುವುದು. ಬೆಳಿಗ್ಗೆ ನೇರವಾಗಿ ಗೂಳಿಯ ಬೆಂಚಿಗೆ ಹೋಗಿ ನಿಂತಳು. ಅವನ ತುಟಿ ಇನ್ನೂ ಊದಿತ್ತು.

"ನಿಮ್ ಗೂಟ ಶಾಲೆ ಬಿಟ್ಟು ಹೋದನಂತಲ್ಲ. ಆ ಜಾಗಕ್ಕೆ ನಾನು ಬರ್ತೀನಿ."

ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು ಎಲ್ಲರ ಹಿಂದೆ ನಿಲ್ಲುವವರನ್ನು ಅವರು ಗೂಟ ಎನ್ನುತ್ತಿದ್ದರು. ಗೂಟ ಕದಲದಿದ್ದರೆ ತಂಡ ಕದಲುವುದಿಲ್ಲ. ಗೂಳಿ ಅವಳ ಭುಜದ ಅಗಲ ನೋಡಿದ. ಹಲ್ಲು ಹೋದ ಸಿಟ್ಟು ಒಂದು ಕಡೆ, ಗೆಲ್ಲುವ ಆಸೆ ಇನ್ನೊಂದು ಕಡೆ.

"ಬಾ. ಸೋತ್ರೆ ಮಾತ್ರ ಹುಡುಗಿ ಅಂತ ನೋಡಲ್ಲ."

"ನೋಡ್ಬೇಡ. ಗೆದ್ರೆ ನನ್ ತಮ್ಮನ ತಂಟೆಗೆ ಯಾರೂ ಬರಬಾರದು."

"ಗೆದ್ರೆ ಯಾರಿಗೂ ಇಲ್ಲ. ಅದು ಮೊದಲಿಂದ ಇರೋದೇ."

ಹಗ್ಗ ಬಿಟ್ಟವನು ಮರುವರ್ಷವೂ ಎಳೆಯಲೇಬೇಕೆಂಬುದು ಇನ್ನೊಂದು ಕಟ್ಟಳೆ. ಹಾಗಾಗಿ ತಮ್ಮ ಏಳನೆಯವನಾಗಿ ನಿಂತ, ಅವನ ಬೆನ್ನಿಗೆ ಅಕ್ಕ. ಮೈದಾನದಾಚೆ ಕೆಟ್ಟು ನಿಂತಿದ್ದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ದಿನಾ ಎಳೆದರು. ಅಂಗೈ ಸುಲಿದು ಹಗ್ಗ ಕೆಂಪಾಯಿತು. ಪಿ.ಟಿ. ಮೇಷ್ಟ್ರು ಸೀಟಿ ಕಚ್ಚಿಕೊಂಡು ಒಂದೇ ಮಾತು ಹೇಳುತ್ತಿದ್ದ: "ಕೈಗೆ ಹಗ್ಗ ಸುತ್ಕೋಬೇಡ್ರೋ. ಸುತ್ಕೊಂಡ್ರೆ ಕೈ ನಿಮ್ದಲ್ಲ." ತಮ್ಮ ಎಲ್ಲರಿಗಿಂತ ಹೆಚ್ಚು ಎಳೆದ. ಹಿಂದಿನಿಂದ ಅಕ್ಕನಿಗೆ ಅವನ ಕುತ್ತಿಗೆಯ ನರ ಕಾಣುತ್ತಿತ್ತು. ಇಂಟರ್‌ವೆಲ್ಲಿನ ಗುದ್ದು ಮಾತ್ರ ತಪ್ಪಲಿಲ್ಲ. ಅವಳು ಕ್ಲಾಸಿನಲ್ಲೇ ಕುಳಿತು ಬೆಂಚಿನ ಅಂಚು ಹಿಡಿದುಕೊಂಡಿರುತ್ತಿದ್ದಳು. ಪಂದ್ಯ ಮುಗಿಯಲಿ, ಪಂದ್ಯ ಮುಗಿಯಲಿ ಎಂದು ಒಳಗೇ ಹೇಳಿಕೊಳ್ಳುತ್ತಿದ್ದಳು.

ಪಂದ್ಯದ ದಿನ ಬಂತು. ಮೊದಲ ಎಳೆತ ಹೊಳೆಯಾಚೆಯವರದು, ಎರಡನೆಯದು ಇವರದು. ಮೂರನೆಯದಕ್ಕೆ ಮೊದಲು ತಮ್ಮ ಪ್ಯಾಂಟಿಗೆ ಅಂಗೈ ಒರೆಸಿದ, ಮತ್ತೆ ಒರೆಸಿದ. ಬೆವರು ನಿಲ್ಲಲೊಲ್ಲದು. ಮೈದಾನದಂಚಿನಿಂದ ಯಾರೋ "ಏ ಜಾರುಬಂಡೆ," ಎಂದು ಕೂಗಿ ನಕ್ಕರು. ಸೀಟಿ ಬಿತ್ತು.

ಕಾಲುಗಳು ನೆಲ ಅಗೆದವು. ಹಗ್ಗದ ನಡುವೆ ಕಟ್ಟಿದ ಕೆಂಪು ಬಟ್ಟೆ ಒಂದಿಷ್ಟು ಆಚೆ ಹೋಯಿತು, ಒಂದಿಷ್ಟು ಈಚೆ ಬಂತು. ಅಕ್ಕ ಹಿಮ್ಮಡಿ ಹೂತು ಹಿಂದಕ್ಕೆ ವಾಲಿದಳು. ಬಟ್ಟೆ ಇವರ ಕಡೆಗೇ ಬರತೊಡಗಿತು, ಇನ್ನು ಅರ್ಧ ಅಡಿ ಬಂದರೆ ಮುಗಿಯಿತು. ಗೂಳಿ "ಬಂತು, ಬಂತು," ಎಂದು ಒದರುತ್ತಿದ್ದ. ಆಗ ಅವಳ ಕಣ್ಣು ತಮ್ಮನ ಬಲಗೈ ಮೇಲೆ ಬಿತ್ತು.

ಅವನು ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದ. ತೀರ್ಪುಗಾರನಿಗೆ ಕಾಣದಂತೆ ಅಂಗಿಯ ತೋಳನ್ನು ಅದರ ಮೇಲೆ ಎಳೆದುಕೊಂಡಿದ್ದ, ಈಗ ಅದು ಸರಿದಿತ್ತು. ಎರಡೂ ಕಡೆಯ ಎಳೆತಕ್ಕೆ ಸುತ್ತು ಬಿಗಿದು ಮಾಂಸದೊಳಗೆ ಇಳಿದಿತ್ತು. ಕಿರುಬೆರಳು, ಪಕ್ಕದ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಟಕ್ಕೆಂದು ಏನೋ ಮುರಿದ ಸದ್ದು ಅವಳಿಗೆ ಕೇಳಿತು. ಹಗ್ಗದಗುಂಟ ರಕ್ತ ಅವಳ ಕೈವರೆಗೆ ಹರಿದು ಬಂತು. ಅವನು ಕೂಗಲಿಲ್ಲ. ಇನ್ನೂ ಎಳೆಯುತ್ತಲೇ ಇದ್ದ.

"ಬಿಡೋ," ಎಂದಳು. ಅವನು ಬಿಡಲ್ಲವೆಂದು ತಲೆಯಾಡಿಸಿದ.

ಅರ್ಧ ಅಡಿ. ಅಷ್ಟು ತಡೆದಿದ್ದರೆ ಎಲ್ಲ ಮುಗಿಯುತ್ತಿತ್ತು. ತಡೆಯಲು ಅವಳಿಂದಾಗಲಿಲ್ಲ. ಮೈಗೆ ಸುತ್ತಿದ್ದ ಹಗ್ಗವನ್ನು ಕಿತ್ತೆಸೆದು ಮುಂದಕ್ಕೆ ನುಗ್ಗಿದಳು. ತಮ್ಮನ ಸೊಂಟ ತಬ್ಬಿ ಅವನನ್ನು ಮುಂದಿನವನ ಮೇಲೆ ದೂಡಿದಳು. ತಂಡವೇ ಒಬ್ಬರ ಮೇಲೊಬ್ಬರು ಕವುಚಿ ಬಿತ್ತು. ಆ ಕಡೆಯವರೂ ದಢದಢನೆ ಅಂಗಾತ ಬಿದ್ದರು, ಹಗ್ಗ ಸಡಿಲವಾಯಿತು. ಅವಳು ಸುತ್ತು ಬಿಚ್ಚಿದಾಗ ಎರಡು ಬೆರಳು ಬರೀ ತೊಗಲಿನಲ್ಲಿ ನೇತಾಡುತ್ತಿದ್ದವು. ಹೊಳೆಯಾಚೆಯವರು ಎದ್ದು ಕುಣಿಯುತ್ತಿದ್ದರು.

"ಇನ್ನೊಂದು ಚೂರು ಎಳೆದಿದ್ರೆ ಪೂರ್ತಿ ಅಂಗೈ ಹೋಗ್ತಿತ್ತು," ಎಂದರು ಆಸ್ಪತ್ರೆಯ ಡಾಕ್ಟರು. ಎರಡು ಬೆರಳು ಹೋದವು, ಮೂರು ಉಳಿದವು. ಅಮ್ಮ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು. ಅಪ್ಪ ಎರಡು ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ತಮ್ಮ ಮಾತ್ರ ಗೋಡೆಯ ಕಡೆ ತಿರುಗಿ ಮಲಗಿದ. ಅಕ್ಕ ಗಂಜಿ ತಂದರೆ ಬಾಯಿ ತೆರೆಯುತ್ತಿರಲಿಲ್ಲ, ಅಮ್ಮ ತಂದರೆ ಕುಡಿಯುತ್ತಿದ್ದ. ನೋವಿಗೆ ಹೀಗಾಡುತ್ತಾನೆ ಎಂದುಕೊಂಡಳು ಅವಳು, ಪಾಪ.

ದಸರಾ ರಜೆ ಮುಗಿದು ಶಾಲೆ ಶುರುವಾಯಿತು. ಈ ಸಲ ಹಗ್ಗ ಬಿಟ್ಟವರು ಯಾರೆಂದು ಹುಡುಕುವ ಅಗತ್ಯ ಯಾರಿಗೂ ಬೀಳಲಿಲ್ಲ. ಕರೆಯುವ ಮೊದಲೇ ಅವಳು ಟ್ಯಾಂಕಿನ ಹಿಂದೆ ಹೋಗಿ ನಿಂತಳು. ಓಡಬಹುದಿತ್ತು, ಹೊಡೆದಾಡಬಹುದಿತ್ತು. ಆದರೆ ತಾನು ನಿಲ್ಲದಿದ್ದರೆ ಮತ್ತೆ ತಮ್ಮನನ್ನೇ ನಿಲ್ಲಿಸುತ್ತಾರೆ ಎಂಬುದು ಅವಳ ಲೆಕ್ಕ. ತನಗೆ ಬಿದ್ದರೆ ಅವನಿಗೆ ಬೀಳುವುದಿಲ್ಲ, ತಾನು ಕೇಳಿದ್ದೂ ಅದನ್ನೇ ತಾನೇ. ಗೂಳಿ ಮುರಿದ ಹಲ್ಲಿನ ಬಡ್ಡಿಯನ್ನೂ ಸೇರಿಸಿ ಪಕ್ಕೆಗೆ ಕೊಟ್ಟ. ಹಣೆ ಚಚ್ಚಿಸಿಕೊಂಡಿದ್ದವಳು ಬೆನ್ನುಮೂಳೆ ಹುಡುಕಿ ಗುದ್ದಿದಳು. ಅಕ್ಕ ಟ್ಯಾಂಕಿನ ಗೋಡೆ ಹಿಡಿದುಕೊಂಡು ದಿನಾ ಆರು ಗುದ್ದು ತಿಂದಳು, ಉಸಿರೆತ್ತಲಿಲ್ಲ.

ತಮ್ಮ ಶಾಲೆಗೆ ಮರಳಿದ ದಿನ ಇಂಟರ್‌ವೆಲ್ಲಿಗೆ ಅವನೂ ಬಂದ. ಬಲಗೈಗೆ ಬಿಳಿ ಬ್ಯಾಂಡೇಜು. ಆರು ಜನರದು ಮುಗಿದ ಮೇಲೆ ಗೂಳಿ ಅವನ ಕಡೆ ತಿರುಗಿದ.

"ಈಗ ನಿನ್ ಸರದಿ."

ಇವನು ಹಿಂಜರಿಯುತ್ತಾನೆ, ಮೆಲ್ಲಗೆ ಗುದ್ದಿ ಸಿಕ್ಕಿಬೀಳುತ್ತಾನೆ ಎಂದುಕೊಂಡಳು. "ಪರವಾಗಿಲ್ಲ ಕಣೋ, ಗಟ್ಟಿಯಾಗೇ ಗುದ್ದು," ಎಂದು ಪಿಸುಗುಟ್ಟಿದಳು.

ತಮ್ಮ ಹತ್ತಿರ ಬಂದ. ಅವನ ಕಣ್ಣು ಅವಳಿಗೆ ಗುರುತೇ ಸಿಗಲಿಲ್ಲ.

"ಇನ್ನು ಅರ್ಧ ಅಡಿ ಇತ್ತು," ಎಂದ. "ನಾನು ಬಿಟ್ಟಿರಲಿಲ್ಲ ಅಕ್ಕಾ. ಈ ಸಲ ನಾನು ಬಿಟ್ಟಿರಲಿಲ್ಲ."

ಎಡಗೈ ಮುಷ್ಟಿ ಕಟ್ಟಿದ. ಅವಳು ಕಲಿಸಿದ ಹಾಗೆಯೇ ಹೆಬ್ಬೆರಳು ಹೊರಗಿತ್ತು. ಪಕ್ಕೆಯ ಮೇಲೆ ಬಿದ್ದ ಆ ಗುದ್ದಿಗೆ ಅವಳು ಮೊದಲ ಸಲ ಬಾಯಿಬಿಟ್ಟು ನರಳಿದಳು, ಮಂಡಿ ಕುಸಿದು ಒದ್ದೆ ನೆಲದ ಮೇಲೆ ಕುಳಿತಳು. ಗೂಳಿ ನಕ್ಕು ತಮ್ಮನ ಹೆಗಲ ಮೇಲೆ ಕೈ ಹಾಕಿದ. ಅವನನ್ನು ಜಾರುಬಂಡೆ ಎಂದು ಕರೆಯಲಿಲ್ಲ, ಅವನ ಸ್ವಂತ ಹೆಸರು ಹಿಡಿದು ಕರೆದ. ಬೆಲ್ ಹೊಡೆಯಿತು. ಏಳು ಜನ ಒಟ್ಟಿಗೆ ಕ್ಲಾಸಿನ ಕಡೆ ನಡೆದರು.