ಕೊಪ್ಪರಿಗೆಗೆ ಅದ್ದಿದ ಕೈ

ನಮ್ಮೂರಿನ ಹೆಸರು ಕೇಳಬೇಡಿ, ಹೇಳಲು ನಾಚಿಕೆ. ಮುಳಬಾಗಿಲು ಕಡೆ, ದೇವರಾಯಸಮುದ್ರ ದಾಟಿದ ಮೇಲೆ ಅಂದುಕೊಳ್ಳಿ ಸಾಕು.

ಭೂಮಿಯ ಮೇಲೆ ಅಲ್ಲೊಂದು ಇಲ್ಲೊಂದು ಊರಿಗೆ ಆಕಾಶದಿಂದ ಕೊಪ್ಪರಿಗೆಗಳು ಇಳಿದವಲ್ಲ, ಅವುಗಳಲ್ಲೊಂದು ನಮ್ಮ ಕೆರೆಯಂಗಳಕ್ಕೂ ಬಂತು. ಊರೆಲ್ಲ ಸುತ್ತ ನಿಲ್ಲುವಷ್ಟು ಅಗಲ, ಒಳಗೆ ತಿಳಿನೀರು. ಹತ್ತಿರ ಹೋದರೆ ಬೇರೆ ಲೋಕದವರ ಮಾತು ಕಿವಿಗೆ ಕೇಳುತ್ತಿತ್ತು, ನಮ್ಮ ಹಾಗೆಯೇ ಅರ್ಧ ಕನ್ನಡ, ಅರ್ಧ ತೆಲುಗು. ಅವರ ಕರಾರು ಇಷ್ಟೇ: ಅಮಾವಾಸ್ಯೆಯ ದಿನ, ನಮಗೆ ಮಧ್ಯಾಹ್ನವಾದಾಗ, ಎಲ್ಲ ದೇಶಗಳಲ್ಲೂ ಒಂದೇ ಗಳಿಗೆಗೆ ಕೊಪ್ಪರಿಗೆ ಇಳಿದ ಊರವರೆಲ್ಲ ಬರಿಗೈ ಅದ್ದಬೇಕು, ಒಂದೇ ನೀರು ಎಲ್ಲರ ಕೈಗೂ ತಾಗಬೇಕು. ಹಾಗಾದರೆ ನೀರಿನ ವಿಷ ತೆಗೆಯುವ, ಮೂಳೆ ನೆಟ್ಟಗೆ ಮಾಡುವ ಅವರ ವಿದ್ಯೆ ನಮ್ಮದು. ಒಂದೂರು ತಪ್ಪಿದರೂ ಯಾರಿಗೂ ಇಲ್ಲ.

ನನಗೆ ಬೇಕಿದ್ದದ್ದು ಮೊಮ್ಮಗಳು ಶ್ವೇತಳ ಕಾಲು. ಬೋರ್‌ವೆಲ್ಲಿನ ಫ್ಲೋರೈಡ್ ನೀರು ಕುಡಿದು ಅವಳ ಮಂಡಿಗಳು ಸೊಟ್ಟಗಾಗಿವೆ. ಆ ಕಾಲಿಗಾಗಿ ನಾನು ಹರಕೆ ಹೊರದ ದೇವರಿಲ್ಲ.

ನನ್ನ ಗಂಡ ಮುನಿಕೃಷ್ಣಪ್ಪ ಊರಿನ ಯಜಮಾನರು. ಅವರಿಗೆ ಹತ್ತಿದ ಚಿಂತೆಯೇ ಬೇರೆ, ಮೈಲಿಗೆಯದು. "ಕಾಲೋನಿಯವ್ರೂ ಅದೇ ನೀರಲ್ಲಿ ಕೈ ಇಡ್ತಾರೇನೇ ಶಾಮಲಾ?"

"ಇಡ್ದೆ ಇನ್ನೇನು? ಅವ್ರೇನು ಬೇರೆ ಭೂಮಿ ಮೇಲಿದಾರಾ?" ಎಂದೆ.

ಆ ಮನುಷ್ಯ ನೆಟ್ಟಗೆ ಪೇಟೆಗೆ ಹೋದರು. ಮದುವೆ ಮನೆಯಲ್ಲಿ ಲಾಡು ಬಡಿಸುವವರು ಹಾಕಿಕೊಳ್ಳುವ ತೆಳ್ಳಗಿನ ಪ್ಲಾಸ್ಟಿಕ್ ಗ್ಲೌಸ್ ತಂದು ಮೇಲಿನ ಬೀದಿಯ ಮನೆಮನೆಗೂ ಹಂಚಿದರು. "ನೀರಲ್ಲಿ ಮುಳುಗಿದ್ರೆ ಕಾಣಲ್ಲ ಬಿಡ್ರಪ್ಪ. ಅವ್ರಿಗೂ ಆಯ್ತು, ನಮ್ಗೂ ಆಯ್ತು." ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ನಾನು ಬಾಯಿಗೆ ಬಂದ ಹಾಗೆ ಬೈದೆ. ಬೈದು ಬೈದು, ಕೊನೆಗೆ ನಾಲ್ಕು ಜನರ ಬಾಯಿಗೆ ಹೆದರಿ ನಾನೂ ಹಾಕಿಕೊಂಡೆ. ಶ್ವೇತಳ ಪುಟ್ಟ ಕೈಗೆ ಅದು ನಿಲ್ಲದೆ ಜಾರುತ್ತಿತ್ತು. ರಬ್ಬರ್ ಬ್ಯಾಂಡ್ ಹಾಕಿದವಳು ನಾನೇ. ಥೂ, ನನ್ನ ಜನ್ಮಕ್ಕಿಷ್ಟು.

ಅಮಾವಾಸ್ಯೆಯ ದಿನ ನೂಕುನುಗ್ಗಲಲ್ಲಿ ಮಗುವಿಗೆ ನಿಲ್ಲಲಾಗಲಿಲ್ಲ. ನಮ್ಮ ಹೊಲಕ್ಕೆ ಕಳೆ ಕೀಳಲು ಬರುವ ಕಾಲೋನಿಯ ದೊಡ್ಡಗಂಗಮ್ಮ "ಬಾ ನಮ್ಮವ್ವ" ಎಂದು ಅವಳನ್ನು ಸೊಂಟದ ಮೇಲೆ ಎತ್ತಿಕೊಂಡು ನೀರಿಗೆ ಬಗ್ಗಿಸಿದಳು. ನನ್ನ ಗಂಡ ದುರುಗುಟ್ಟಿ ನೋಡಿದರು.

ಗಳಿಗೆ ಬಂತು, ಎಲ್ಲರೂ ಕೈ ಅದ್ದಿದೆವು. ಕಾಲೋನಿಯವರು ನಿಂತ ಕಡೆಯಿಂದ ನೀರು ಬೆಳಗತೊಡಗಿತು. ಬೆಳಕು ಮೆಲ್ಲಗೆ ನಮ್ಮ ಕಡೆ ಬಂತು. ನಮ್ಮ ಕೈಗಳ ಹತ್ತಿರ ಬಂದು ನಿಂತಿತು, ಆಮೇಲೆ ಆರಿಹೋಯಿತು.

"ಇನ್ನೂ ಕಾಲ ಬಂದಿಲ್ಲ. ಬೇಜಾರು ಮಾಡ್ಕೋಬೇಡಿ," ಎಂದಿತು ಕೊಪ್ಪರಿಗೆಯೊಳಗಿನ ದನಿ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪಕ್ಕದ ಮನೆಯ ಮುರಳಿಮೋಹನ್ ಫೋನ್ ತೆಗೆದು ನೋಡಿದ. ಎಲ್ಲ ದೇಶಗಳಲ್ಲೂ ಬೆಳಕು ಆರಿತ್ತು. ನಿನ್ನೆಯವರೆಗೆ ಬಾಂಬ್ ಹಾಕಿಕೊಳ್ಳುತ್ತಿದ್ದವರು ಇವತ್ತು ಜೊತೆಗೆ ಕೈ ಅದ್ದಿ ನಿಂತಿದ್ದರು. ಈಗ, ತಪ್ಪಿದ್ದು ನೀವು, ನೀವು ಎಂದು ಮತ್ತೆ ಜಗಳಕ್ಕೆ ಬಿದ್ದಿದ್ದರು.

"ಯಾರೋ ಎಲ್ಲೋ ಕೆಡ್ಸಿದ್ರು ನೋಡು," ಎಂದರು ನನ್ನ ಗಂಡ. ಮೂರೂ ಬಿಟ್ಟವರು ಊರಿಗೆ ದೊಡ್ಡವರು.

ದೊಡ್ಡಗಂಗಮ್ಮ ಮಗುವನ್ನು ಕೆಳಗಿಳಿಸಿ, ಕೈ ಒರೆಸಲು ಸೆರಗು ಹಿಡಿದಳು. ಆಗ ಅವಳಿಗೆ ಪ್ಲಾಸ್ಟಿಕ್ ಕಂಡಿತು. ರಬ್ಬರ್ ಬ್ಯಾಂಡ್ ಜಾರಿಸಿ ಗ್ಲೌಸ್ ಕಳಚಿದಳು. ಒಳಗೆ ಪುಟ್ಟ ಕೈಗೆ ಒಂದು ಹನಿ ನೀರೂ ತಾಗಿರಲಿಲ್ಲ. ನನ್ನ ಕೈ ನೋಡಿದಳು, ಆಮೇಲೆ ಮುಖ.

"ನಿಮ್ದು ಬಿಡಿ ಶಾಮಲಮ್ಮ. ಮಗು ಕೈನಾದ್ರೂ ಬರಿದಾಗಿ ಬಿಡಬಾರ್ದಾಗಿತ್ತಾ?"

ಶ್ವೇತ ಆಗಲೇ ಕುಂಟುತ್ತಾ ಕೆರೆಯ ಏರಿ ಹತ್ತುತ್ತಿದ್ದಳು.